ಐದು ಮುಕ್ಕಾಲು ಡೆಸಿಬಲ್

"ಇನ್ನೊಂದ್ಸಲ ಹಾಕಿ," ಎಂದಳು ಸಾರ್ಜೆಂಟ್ ಸಿನಾ ಲಿಯೋತಾ.

ನೆರಿಡಾ ಪ್ಯಾಸ್ಕೊ ತನ್ನ ಶೆಡ್ಡಿನ ಕಂಪ್ಯೂಟರಿನಲ್ಲಿ ವಿಡಿಯೋವನ್ನು ಮತ್ತೆ ಹಾಕಿದಳು. ಅದೇ ಬೂದು ಆಕಾಶ, ಅದೇ ಮರದ ಚೂರಿನ ಗುಡ್ಡ, ಚೂರು ಎತ್ತುವ ಅದೇ ಹಳದಿ ಲೋಡರ್. ಕಾರ್ಖಾನೆಯ ಯಾರೋ ಕೆಲಸದವನು ಟೀ ಹೊತ್ತಿನಲ್ಲಿ ಗೆಳೆಯರ ಕುಚೇಷ್ಟೆಯನ್ನು ಮೊಬೈಲಿನಲ್ಲಿ ಹಿಡಿಯಲು ಹೋಗಿ, ತನಗೇ ತಿಳಿಯದಂತೆ ಡಾರ್ಸಿ ಕ್ವಿನ್ ಸಾಯುವುದಕ್ಕೆ ಮುಂಚಿನ ಕೊನೆಯ ಕ್ಷಣಗಳನ್ನು ಹಿಡಿದಿದ್ದ. ಭಯಕ್ಕೆ ಇಷ್ಟು ದಿನ ಬಚ್ಚಿಟ್ಟುಕೊಂಡು, ಇವತ್ತು ಬೆಳಿಗ್ಗೆ ತಂದು ಸಾರ್ಜೆಂಟಿನ ಕೈಗಿಟ್ಟಿದ್ದ.

ಲೋಡರ್ ಹಿಂದಕ್ಕೆ ಚಲಿಸತೊಡಗಿತು. ಅದು ಹಿಂದೆ ಬರುವಾಗಲೆಲ್ಲ ಅಂಗಳದ ಕಂಬದ ಮೇಲಿನ ಸೈರನ್ ಕೂಗಬೇಕು. ಕೂಗಿದ್ದರೆ ಅದರ ಹಿಂದಿದ್ದ ಡಾರ್ಸಿ ಪಕ್ಕಕ್ಕೆ ಸರಿದು ಬದುಕಿಕೊಳ್ಳುತ್ತಿದ್ದ.

ಸ್ಪೀಕರಿನಿಂದ ಬಂದದ್ದು ಮರ ಅರೆಯುವ ಯಂತ್ರದ ಮೊರೆತ. ಬರೀ ಮೊರೆತ.

"ನಿಲ್ಲಿಸಿ," ಎಂದಳು ಸಿನಾ. "ನನಗೇನೂ ಕೇಳಿಸ್ಲಿಲ್ಲ. ನಿಮಗೆ?"

ನೆರಿಡಾ ತಲೆಯಾಡಿಸಿದಳು, ಇಲ್ಲ ಎಂದು. ಆದರೆ ಅವಳ ಕಣ್ಣು ಪರದೆಯ ಮೇಲಿತ್ತು. ಅಲ್ಲಿ ಸದ್ದು ಅಳೆಯುವ ಅವಳದೇ ಸಾಫ್ಟ್‌ವೇರ್ ಎರಡು ಗೆರೆ ಎಳೆದಿತ್ತು. ಬೂದು ಗೆರೆ ಯಂತ್ರದ ಮೊರೆತ, ಹಸಿರು ಗೆರೆ ಸೈರನ್. ಹಸಿರು ಗೆರೆ ಬೂದು ಗೆರೆಯ ಮೇಲೆ ನಿಚ್ಚಳವಾಗಿ ನಿಂತಿತ್ತು. ಸೈರನ್ ಕೂಗಿದೆ, ಸಾಕಷ್ಟು ಜೋರಾಗಿಯೇ ಕೂಗಿದೆ ಅನ್ನುತ್ತಿತ್ತು ಗೆರೆ.

"ಕಿವಿ ನಂಬಬಾರದು ಸಾರ್ಜೆಂಟ್," ಮೂಲೆಯ ಕುರ್ಚಿಯಿಂದ ಮರ್ವ್ ಹ್ಯಾಲೊರನ್ ಎಂದ. ಸಾಫ್ಟ್‌ವೇರನ್ನು ಮೊದಲು ಬರೆದವನು ಅವನೇ. ಎಪ್ಪತ್ತು ದಾಟಿದ ಮುದುಕ. ಒಂದು ಕಾಲಕ್ಕೆ ಟಾಸ್ಮೇನಿಯಾದ ಪಬ್ಬುಗಳಲ್ಲಿ ಹಾಡುವ ತಂಡಗಳಿಗೆಲ್ಲ ಸೌಂಡ್ ಹೊಂದಿಸಿಕೊಟ್ಟವನು. "ನಲವತ್ತು ವರ್ಷ ಕಿವಿ ನಂಬಿ ದುಡಿದೆ. ಅದು ಸುಳ್ಳು ಹೇಳುತ್ತೆ ಅಂತ ಗೊತ್ತಾದ ಮೇಲೇ ಇದನ್ನ ಬರೆದದ್ದು."

"ನಾನು ಚಿಕ್ಕವಳಿದ್ದಾಗಿಂದ ಚರ್ಚಿನ ಮೇಳದಲ್ಲಿ ಹಾಡ್ತಾ ಬಂದವಳು ಮರ್ವ್. ನನ್ನ ಅತ್ತೆ ಹಿಂದಿನ ಸಾಲಲ್ಲಿ ಕೂತು ಅಪಸ್ವರ ಹಿಡೀತಿದ್ಳು. ನನ್ನ ಕಿವಿಗೆ ಅಷ್ಟು ಅವಮಾನ ಮಾಡ್ಬೇಡಿ."

ಮರ್ವ್ ನಗಲಿಲ್ಲ.

"ನೋಡಿ, ನನ್ನ ತೊಂದರೆ ಇಷ್ಟೇ," ಸಿನಾ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. "ಅಂಗಳದಲ್ಲಿದ್ದವರು ಯಾರಿಗೂ ಸೈರನ್ ಕೇಳಿಸ್ಲಿಲ್ಲ. ಆದರೆ ಅದಕ್ಕೆ ಒಂದು ತಿಂಗಳು ಮುಂಚೆ ನೀವು ಅಳತೆ ಮಾಡಿ, ಜೋರಾಗಿದೆ ಅಂತ ಸರ್ಟಿಫಿಕೇಟ್ ಕೊಟ್ರಿ. ಹಾಗಾದ್ರೆ ನಡುವೆ ಯಾರೋ ದನಿ ತಗ್ಗಿಸಿರಬೇಕು. ಸೈರನ್ ಪೆಟ್ಟಿಗೆ ಬೀಗದ ಕೈ ಇರೋದು ಅಂಗಳ ನೋಡ್ಕೊಳ್ಳೋ ಬೆವನ್ ಟಲ್ಲಿ ಹತ್ರ ಮಾತ್ರ. ಹೀಗೆ ಹೋಗಿ ಬೆವನ್ ಕುತ್ತಿಗೆಗೆ ಬಂತು. ಸೋಮವಾರ ಅವನ ಮೇಲೆ ಆರೋಪ ಹೊರಿಸ್ತಾರೆ. ಈಗ ನಿಮ್ಮ ಸಾಫ್ಟ್‌ವೇರ್ ಹೇಳ್ತಿದೆ, ಸತ್ತ ದಿನಾನೂ ಸೈರನ್ ಅಷ್ಟೇ ಜೋರಾಗಿತ್ತು ಅಂತ. ಹಾಗಾದ್ರೆ ಯಾರೂ ತಗ್ಗಿಸಿಲ್ಲ. ತಗ್ಗಿಸಿಲ್ಲ ಅಂದ್ರೆ ನಮಗ್ಯಾಕೆ ಕೇಳಿಸ್ತಿಲ್ಲ?"

ಶೆಡ್ಡಿನ ಗೋಡೆಗೆ ಹೊಡೆದ ದಪ್ಪ ಸ್ಪಂಜು ಅವಳ ಪ್ರಶ್ನೆಯನ್ನೂ ಹೀರಿಕೊಂಡಂತಿತ್ತು.

"ಮೊಬೈಲ್ ಮೈಕು," ಎಂದ ಮರ್ವ್. "ಎರಡು ಡಾಲರಿನ ಮೈಕು. ಅದ್ರಲ್ಲೇನು ಕೇಳಿಸುತ್ತೆ?"

"ಇರಬಹುದು." ಸಿನಾ ಎದ್ದಳು. "ನಾನು ಕಾರಲ್ಲಿ ಕೂತು ಮಾಂಸದ ಪೈ ತಿಂತೀನಿ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ನೀವಿಬ್ರೂ ಯೋಚನೆ ಮಾಡಿ." ಬಾಗಿಲ ಬಳಿ ತಿರುಗಿ ನೆರಿಡಾಳನ್ನೇ ನೋಡಿದಳು. "ಡಾರ್ಸಿ ಸಾವಿನ ವಿಚಾರಣೆಯಲ್ಲಿ ನೀವು ಹೇಳಿದ್ದು ನೆನಪಿದೆ ನನಗೆ. ಚೆನ್ನಾಗಿ ಹೇಳಿದ್ರಿ."

ನೆರಿಡಾಳಿಗೂ ನೆನಪಿತ್ತು. ಬರ್ನಿ ಊರಿಗೆಲ್ಲ ನೆನಪಿತ್ತು. "ನಮ್ಮ ಸಾಫ್ಟ್‌ವೇರ್ ತಪ್ಪು ಮಾಡಿದರೆ ಮೊದಲು ಗೊತ್ತಾಗುವುದು ನನಗೆ" ಎಂದು ಪ್ರಮಾಣ ಮಾಡಿ ಹೇಳಿದ್ದಳು. ಪತ್ರಿಕೆಯವರು ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದರು.

ಆ ಮಾತು ಅಚ್ಚಾದ ಮರುದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬೆವನ್‌ನ ಹೆಂಡತಿ ಲೊರ್ನಾ ಎದುರಾಗಿದ್ದಳು. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ನೆರಿಡಾಳ ಮದುವೆ ಮುರಿದ ಚಳಿಗಾಲದಲ್ಲಿ ದಿನಾ ಸಾರು ಮಾಡಿ ತಂದುಕೊಟ್ಟವಳು. ಲೊರ್ನಾಳ ಕಣ್ಣು ತನ್ನ ಕಡೆ ತಿರುಗುವ ಮೊದಲೇ ನೆರಿಡಾ ತಳ್ಳುಗಾಡಿಯನ್ನು ಪಕ್ಕದ ಸಾಲಿಗೆ ತಿರುಗಿಸಿಬಿಟ್ಟಿದ್ದಳು. ಅದು ಬೆಕ್ಕುನಾಯಿಗಳ ಆಹಾರದ ಸಾಲು. ಅವಳ ಮನೆಯಲ್ಲಿ ಬೆಕ್ಕೂ ಇಲ್ಲ, ನಾಯಿಯೂ ಇಲ್ಲ. ಲೊರ್ನಾ ಹೊರಗೆ ಹೋಗುವವರೆಗೆ ಡಬ್ಬಿಗಳ ಮೇಲಿನ ಬೆಕ್ಕಿನ ಮುಖಗಳನ್ನು ನೋಡುತ್ತ ನಿಂತಿದ್ದಳು.

ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

"ಟೆಸ್ಟ್ ಓಡಿಸು," ಎಂದ ಮರ್ವ್. "ಓಡಿಸಿ ಫಲಿತಾಂಶ ಅವಳ ಕೈಗೆ ಕೊಡು. ಹೋಗ್ಲಿ."

ನೆರಿಡಾ ಓಡಿಸಿದಳು. ಪ್ರತಿ ಹೊಸ ವರ್ಷನ್ ಹೊರಬೀಳುವ ಮುನ್ನ ಅವಳು ಓಡಿಸುವ ಪರೀಕ್ಷೆಗಳು ಅವು. ಕಂಪ್ಯೂಟರು ಒಂದೊಂದೇ ಸೀಟಿ ಹೊಡೆಯಿತು. ತಗ್ಗು ಸೀಟಿ, ನಡುಸೀಟಿ, ಕಿವಿ ಚುಚ್ಚುವ ಸೀಟಿ. ಪ್ರತಿಯೊಂದನ್ನೂ ತಾನೇ ಅಳೆಯಿತು. ಒಂದರ ಕೆಳಗೊಂದು ಹಸಿರು ಗುರುತು ಬೀಳುತ್ತ ಹೋಯಿತು. ಎಲ್ಲವೂ ಸರಿ. ಯಾವಾಗಲೂ ಎಲ್ಲವೂ ಸರಿ.

ಅವಳು ಆ ಪಟ್ಟಿಯನ್ನು ಮೇಲಿಂದ ಮತ್ತೊಮ್ಮೆ ಓದಿದಳು.

ಎಲ್ಲವೂ ಸೀಟಿ.

ಸ್ಥಳಕ್ಕೆ ಹೋದಾಗ ಮೈಕು ಸರಿಯಿದೆಯೇ ಎಂದು ಅದರ ಮೂತಿಗೆ ಸಿಕ್ಕಿಸಿ ನೋಡುವ ಕ್ಯಾಲಿಬ್ರೇಟರ್ ಕೂಡ ಹೊಡೆಯುವುದು ಸೀಟಿಯನ್ನೇ. ಕಂಬದ ಮೇಲಿನ ಸೈರನ್ನೂ ಸೀಟಿಯೇ. ಆದರೆ ಮರ ಅರೆಯುವ ಯಂತ್ರ ಸೀಟಿ ಹೊಡೆಯುವುದಿಲ್ಲ. ಅದು ಮೊರೆಯುತ್ತದೆ. ಸೀಟಿಯೆಂದರೆ ಒಂದೇ ಸ್ವರ, ಒಂದು ತೆಳು ದಾರ. ಮೊರೆತವೆಂದರೆ ಸಾವಿರ ಸ್ವರ ಒಟ್ಟಿಗೆ ಹರಡಿಕೊಂಡ ಕಂಬಳಿ. ಎರಡನ್ನೂ ಅಳೆಯುವ ಲೆಕ್ಕ ಬೇರೆ ಬೇರೆ. ದಾರವನ್ನು ಸರಿಯಾಗಿ ಅಳೆಯುವ ಸಾಫ್ಟ್‌ವೇರ್ ಕಂಬಳಿಯನ್ನು ಅಳೆಯುವಾಗ ಎಡವಬಹುದು. ಇದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಈ ಕಸುಬಿಗೆ ಹೊಸದಾಗಿ ಬಂದವರಿಗೆ ಅವಳೇ ಹೇಳಿಕೊಡುತ್ತಿದ್ದ ಮೊದಲ ಪಾಠ.

"ಏನು ಹುಡುಕ್ತಿದೀಯ?" ಮರ್ವ್ ಕೇಳಿದ.

"ನಿಮ್ಮ ಹಳೇ ಮುಳ್ಳಿನ ಮೀಟರ್. ಪಬ್ಬಿಗೆ ಒಯ್ತಿದ್ರಲ್ಲ, ಅದು."

"ಅದ್ಯಾಕೆ ಈಗ? ಅದು ಮ್ಯೂಸಿಯಮ್ಮಿಗೆ ಹೋಗ್ಬೇಕಾದ್ದು."

"ಅದಕ್ಕೆ ನಮ್ಮ ಸಾಫ್ಟ್‌ವೇರ್ ಪರಿಚಯ ಇಲ್ಲ. ಅದಕ್ಕೇ."

ಮೀಟರು ಕಪಾಟಿನ ತಳದಲ್ಲಿ ಕೇಬಲ್ ಸುರುಳಿಗಳ ಕೆಳಗಿತ್ತು. ಇಟ್ಟಿಗೆಯಷ್ಟು ಭಾರ. ಬ್ಯಾಟರಿ ಬದಲಿಸಿ, ಮೈಕಿನ ಪಕ್ಕದಲ್ಲೇ ಸ್ಟ್ಯಾಂಡಿಗೆ ಕಟ್ಟಿದಳು. ಸೀಟಿ ಹಾಕಿದಳು. ಮುಳ್ಳು ಎದ್ದು ನಿಂತಿತು. ಪರದೆಯ ಅಂಕಿಯೂ ಅದೇ. ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಆಮೇಲೆ ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಒತ್ತಿದ್ದ ಇನ್ನೊಂದು ಗುಂಡಿ ಒತ್ತಿದಳು. ತಗಡಿನ ಮಾಡಿನ ಮೇಲೆ ಜಡಿಮಳೆ ಸುರಿದಂಥ ಸದ್ದು ಶೆಡ್ಡನ್ನು ತುಂಬಿತು.

ಮುಳ್ಳು ನಡುಗುತ್ತ ಮೊದಲಿನ ಜಾಗದಲ್ಲೇ ನಿಂತಿತು.

ಪರದೆಯ ಅಂಕಿ ಕೆಳಗಿಳಿಯಿತು.

ಅವಳು ಸದ್ದು ನಿಲ್ಲಿಸಿ ಮತ್ತೆ ಹಾಕಿದಳು. ಮೈಕು ಬದಲಿಸಿ ಹಾಕಿದಳು. ಪ್ರತಿ ಸಲವೂ ಮುಳ್ಳು ಹೇಳಿದ್ದಕ್ಕಿಂತ ಪರದೆ ಕಡಿಮೆ ಹೇಳಿತು. ಹತ್ತಿರ ಹತ್ತಿರ ಆರು ಡೆಸಿಬಲ್ ಕಡಿಮೆ.

ಮರ್ವ್ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿಕೊಂಡು ಕುಳಿತಿದ್ದ. ಕೆಳಗೆ ಬಂದರು, ಅದರಾಚೆ ಸಮುದ್ರ, ನಡುವೆ ಆ ಚೂರಿನ ಗುಡ್ಡ. ಅವನು ಇತ್ತ ನೋಡಲೇ ಇಲ್ಲ.

ನೆರಿಡಾ ಕೋಡ್ ತೆರೆದಳು.

ಮೊದಲು ತನ್ನ ಪಾಲಿನದು. ಹುಡುಕಬೇಕಾಗಿರಲಿಲ್ಲ, ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಹಳೆಯ ವರ್ಷನ್ನು ಮೊರೆತವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ತಪ್ಪು ಇದ್ದದ್ದು ಒಳಗಿನ ತಿರುಳಿನಲ್ಲಿ, ಮರ್ವ್ ಬರೆದ ಭಾಗದಲ್ಲಿ. ಅದನ್ನು ಅವನಿಗೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಧೈರ್ಯವಲ್ಲ, ಮನಸ್ಸು ಬರಲಿಲ್ಲ. ಮುದುಕನಿಗೆ ಕೈ ನಡುಕ ಶುರುವಾಗಿದ್ದ ಕಾಲ. ತಿರುಳನ್ನು ಅವನಲ್ಲದೆ ಬೇರೆಯವರು ಮುಟ್ಟುವಂತಿಲ್ಲ ಎಂಬುದು ಆ ಶೆಡ್ಡಿನ ಮಾತಿಲ್ಲದ ಕಟ್ಟಳೆ. ಹಾಗಾಗಿ ಅಂಕಿಯನ್ನು ಪರದೆಗೆ ತರುವ ತನ್ನ ಭಾಗದಲ್ಲೇ ಅಷ್ಟನ್ನು ಸದ್ದಿಲ್ಲದೆ ಕಳೆದಿದ್ದಳು. ಐದು ಮುಕ್ಕಾಲು ಡೆಸಿಬಲ್.

ಆಮೇಲೆ ಇಲ್ಲಿಯವರೆಗೆ ಎಂದೂ ತೆರೆಯದ ಆ ತಿರುಳನ್ನು ತೆರೆದಳು.

ಅಲ್ಲಿಯೂ ಕಳೆದಿತ್ತು. ಅದೇ ವರ್ಷನ್ನಿನಲ್ಲಿ. ಅದೇ ಐದು ಮುಕ್ಕಾಲು.

ಒಂದೇ ತಪ್ಪನ್ನು ಇಬ್ಬರೂ ತಿದ್ದಿದ್ದರು. ಒಬ್ಬರಿಗೊಬ್ಬರು ಹೇಳದೆ. ಮೊದಲ ತಿದ್ದುಪಡಿ ಅಂಕಿಯನ್ನು ಸರಿ ಮಾಡಿತ್ತು, ಎರಡನೆಯದು ಅದನ್ನು ತಗ್ಗಿಸಿತ್ತು. ಸೀಟಿಗೆ ಎರಡೂ ತಾಗುವುದಿಲ್ಲ. ಹಾಗಾಗಿ ಹಸಿರು ಗುರುತುಗಳು ಸಾಲುಸಾಲಾಗಿ ಬಿದ್ದವು.

ಅವಳು ತನ್ನ ಸಾಲನ್ನು ಅಳಿಸಿ ವಿಡಿಯೋವನ್ನು ಮತ್ತೆ ಅಳೆದಳು. ಬೂದು ಗೆರೆ ಮೇಲೇರಿ ಬಂದು ಹಸಿರು ಗೆರೆಯನ್ನು ಮುಚ್ಚಿತು. ಸರ್ಟಿಫಿಕೇಟ್ ಕೊಟ್ಟ ದಿನದ ಧ್ವನಿಮುದ್ರಣವನ್ನೂ ಅಳೆದಳು. ಅಲ್ಲಿಯೂ ಅಷ್ಟೇ. ಆ ಸೈರನ್ ಎಂದೂ ಕೇಳುವಂತಿರಲಿಲ್ಲ. ಯಾರೂ ಅದನ್ನು ತಗ್ಗಿಸಿರಲಿಲ್ಲ. ಮೊದಲ ದಿನದಿಂದಲೇ ಅದು ಮೊರೆತದ ಕೆಳಗೆ ಮುಳುಗಿತ್ತು. ಮುಳುಗಿಲ್ಲ ಎಂದು ಸಹಿ ಹಾಕಿದವಳು ಅವಳು.

ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ಮರ್ವ್."

ಅವನು ತಿರುಗಲಿಲ್ಲ.

"ಮರ್ವ್, ನೀವು ಯಾವಾಗ ತಿದ್ದಿದ್ರಿ?"

"ಏನನ್ನ?"

"ಗೊತ್ತಿಲ್ದೇ ಇರೋ ಹಾಗೆ ಕೇಳ್ಬೇಡಿ. ನಾನೂ ತಿದ್ದಿದ್ದೆ. ಇಬ್ರೂ ತಿದ್ದಿದೀವಿ."

ಅವನ ಭುಜ ಇಳಿಯಿತು. "ನನ್ನದೇ ತಪ್ಪು ಅದು. ನನಗೇ ಕಣ್ಣಿಗೆ ಬಿತ್ತು. ನಿನಗೆ ಹೇಗೆ ಹೇಳ್ಲಿ? ಇಪ್ಪತ್ತು ವರ್ಷ ನಿನಗೆ ಪಾಠ ಹೇಳಿದವನು ನಾನು. ಸದ್ದು ಮಾಡದೆ ಸರಿ ಮಾಡಿಬಿಟ್ರೆ ಆಯ್ತು ಅಂದ್ಕೊಂಡೆ."

"ನಾನೂ ಅದನ್ನೇ ಅಂದ್ಕೊಂಡೆ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಹುಡುಗಿ!"

"ಹೇಳಿದ್ರೆ ನೀವು ಒಂದು ವಾರ ಮಾತು ಬಿಡ್ತಿದ್ರಿ. ಹಿಂದೆ ಬಿಟ್ಟಿದ್ರಿ."

ಅವನು ಎದ್ದು ಬಂದು ಅವಳ ಮೇಜಿನ ಅಂಚು ಹಿಡಿದು ನಿಂತ. "ಕೇಳು. ಸೋಮವಾರದವರೆಗೆ ಸಮಯ ಕೊಡು. ಇವತ್ತೇ ಹೊಸ ವರ್ಷನ್ ಕಳಿಸೋಣ. ಸಣ್ಣ ಸುಧಾರಣೆ ಅನ್ನೋಣ. ಎಲ್ಲರ ಕಂಪ್ಯೂಟರಿಗೂ ತಂತಾನೇ ಇಳಿಯುತ್ತೆ. ಶಾಲೆ, ಆಸ್ಪತ್ರೆ, ಗಣಿ, ಎಲ್ಲ ಕಡೆ ಸರಿಹೋಗುತ್ತೆ. ಮತ್ಯಾರಿಗೂ ತೊಂದರೆ ಆಗಲ್ಲ."

"ಬೆವನ್?"

"ಸರ್ಕಾರದವರ ಹತ್ರ ಸಾಕ್ಷಿ ಏನಿದೆ? ಬೀಗದ ಕೈ ಒಂದೇ. ಕೇಸು ನಿಲ್ಲಲ್ಲ. ಬಿಟ್ಟುಬಿಡ್ತಾರೆ."

"ನಿಲ್ಲೋದು ಬೀಗದ ಕೈ ಅಲ್ಲ ಮರ್ವ್, ನನ್ನ ಮಾತು. ನಾನು ಪ್ರಮಾಣ ಮಾಡಿ ಹೇಳಿದ ಮಾತು." ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಅಗ್ನಿಶಾಮಕ ದಳದಿಂದ ಅವನನ್ನ ತೆಗೆದುಹಾಕಿದ್ದಾರೆ, ಗೊತ್ತಾ? ಹದಿನೆಂಟು ವರ್ಷ ಸಂಬಳವಿಲ್ಲದೆ ಕಾಡ್ಗಿಚ್ಚಿಗೆ ನುಗ್ಗಿದ ಮನುಷ್ಯ. ಡಾರ್ಸಿಯ ಮಣ್ಣಿಗೆ ಹೋದಾಗ ಅವನನ್ನ ಚರ್ಚಿನ ಬಾಗಿಲಿಂದ ಆಚೆಗೆ ಕಳಿಸಿದ್ರು. ನಾನು ಒಳಗೆ ಕೂತಿದ್ದೆ. ಮೂರನೇ ಸಾಲಿನಲ್ಲಿ ಕೂತು ಹಾಡು ಹೇಳ್ತಿದ್ದೆ."

"ನಾವು ಮಾಡಿದ್ದು ಅಪರಾಧ ಅಲ್ಲ. ತಪ್ಪು. ತಪ್ಪಿಗೂ ಅಪರಾಧಕ್ಕೂ ವ್ಯತ್ಯಾಸ ಇದೆ."

"ಬೆಳಿಗ್ಗೆವರೆಗೆ ಇತ್ತು. ಈಗ ಗೊತ್ತಾದ ಮೇಲೆ ಇಲ್ಲ."

"ನನ್ನ ಹೆಸರು ಮಣ್ಣಾಗುತ್ತೆ ನೆರಿಡಾ."

ಅವನು ಹೀಗೆ ಬೇಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅದನ್ನು ನೋಡಲಾರದೆ ಮುಖ ತಿರುಗಿಸಿದಳು. ತಿರುಗಿಸಿದ ಮೇಲೆ, ಇದೇ ಚಾಳಿಯಲ್ಲವೇ ಇಲ್ಲಿಯವರೆಗೆ ತಂದದ್ದು ಅನ್ನಿಸಿತು. ಮತ್ತೆ ಅವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು.

"ನನ್ನದೂ ಆಗುತ್ತೆ," ಎಂದಳು. "ಜೊತೆಗೆ ಬನ್ನಿ. ಇಬ್ರೂ ಹೋಗಿ ಹೇಳೋಣ."

ಅವನು ಕದಲಲಿಲ್ಲ.

ಅವಳು ಒಬ್ಬಳೇ ಬಾಗಿಲು ತೆರೆದಳು. ಸಮುದ್ರದ ಗಾಳಿ ಮುಖಕ್ಕೆ ರಾಚಿತು, ಮರದ ಹಸಿ ವಾಸನೆ ಹೊತ್ತು. ಶೆಡ್ಡಿನಿಂದ ರಸ್ತೆಯವರೆಗೆ ನಾಲ್ಕು ಮಾರು ದೂರ. ಆ ದೂರದಲ್ಲಿ ಎರಡು ಸಲ ಅವಳಿಗೆ ಹಿಂದಿರುಗಬೇಕೆನ್ನಿಸಿತು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಸುದ್ದಿ ಊರು ಸುತ್ತಿರುತ್ತದೆ. ಇನ್ನು ಮೇಲೆ ಬೇರೆಯವರು ತಮ್ಮ ತಳ್ಳುಗಾಡಿ ತಿರುಗಿಸಿಕೊಂಡು ಹೋಗುತ್ತಾರೆ, ಅವಳನ್ನು ಕಂಡು.

ಸಿನಾ ಕಾರಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಅರ್ಧ ತಿಂದ ಪೈ ಬಾನೆಟ್ಟಿನ ಮೇಲೆ ಕಾಗದದ ಚೀಲದಲ್ಲಿ ತಣ್ಣಗಾಗುತ್ತಿತ್ತು. ನೆರಿಡಾಳನ್ನು ಕಂಡು, "ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟಳು.

"ಸೈರನ್ ದನಿ ಯಾರೂ ತಗ್ಗಿಸಿಲ್ಲ," ಎಂದಳು ನೆರಿಡಾ. ನಿಲ್ಲಿಸಿದರೆ ಮುಂದಿನ ಮಾತು ಹೊರಡುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದಳು. "ಅದು ಮೊದಲಿಂದ್ಲೂ ಯಂತ್ರದ ಸದ್ದಿಗೆ ಸಾಲ್ತಿರಲಿಲ್ಲ. ನಮ್ಮ ಸಾಫ್ಟ್‌ವೇರ್ ಯಂತ್ರದ ಮೊರೆತವನ್ನ ಕಡಿಮೆ ತೋರಿಸ್ತಿತ್ತು. ತಪ್ಪು ನಂದು. ಟೆಸ್ಟ್ ಮಾಡ್ಬೇಕಾದವಳು ನಾನು. ಸೀಟಿ ಹೊಡೆದು ನೋಡಿದೆನೇ ಹೊರತು ಮೊರೆತ ಹಾಕಿ ನೋಡ್ಲಿಲ್ಲ. ಬೆವನ್ ಏನೂ ಮಾಡಿಲ್ಲ. ನಾನು ಪ್ರಮಾಣ ಮಾಡಿ ಹೇಳಿದ್ದು ಸುಳ್ಳಾಯ್ತು. ಎಲ್ಲಿ ಬರ್ಕೊಡ್ಬೇಕೋ ಹೇಳಿ, ಬರ್ಕೊಡ್ತೀನಿ."

ಸಿನಾಳ ಮುಖದಲ್ಲಿ ಗೆದ್ದ ಖುಷಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಖಾತ್ರಿನಾ?"

"ಒಳಗೆ ಬನ್ನಿ, ತೋರಿಸ್ತೀನಿ. ನಿಮ್ಮ ಕಣ್ಣೆದುರೇ ಅಳೀತೀನಿ."

"ಹಾಗಾದ್ರೆ ಒಂದು ವಿಷಯ ನನಗೆ ಬಿಡಿಸಿ ಹೇಳಿ." ಸಿನಾ ಫೋನನ್ನು ಅಂಗೈಯಲ್ಲಿ ತಿರುಗಿಸಿದಳು. "ಈಗ ಫೋನ್ ಬಂದದ್ದು ಸ್ಟೇಷನ್ನಿಂದ. ಬೆವನ್ ಬೆಳಿಗ್ಗೆ ತಾನಾಗೇ ಬಂದು ಕೂತಿದ್ನಂತೆ, ನಾನು ನಿಮ್ಮ ಶೆಡ್ಡಿಗೆ ಕಾಲಿಡೋಕೆ ಮುಂಚೆಯೇ. ಈಗಷ್ಟೇ ಹೇಳಿಕೆಗೆ ಸಹಿ ಹಾಕಿದ್ದಾನೆ. ಸೈರನ್ ತಗ್ಗಿಸಿದ್ದು ನಾನೇ ಅಂತ ಒಪ್ಪಿಕೊಂಡಿದ್ದಾನೆ."

"ಸಾಧ್ಯವೇ ಇಲ್ಲ! ಎರಡೂ ದಿನದ ಧ್ವನಿ ಒಂದೇ ಇದೆ. ಮಾಡದೇ ಇರೋದನ್ನ ಅವನ್ಯಾಕೆ ಒಪ್ಕೋತಾನೆ?"

"ನಾನೂ ಅದನ್ನೇ ಯೋಚಿಸ್ತಿದೀನಿ. ಎಷ್ಟು ತಗ್ಗಿಸಿದೆ ಅಂತ ನಮ್ಮ ಹುಡುಗ ಕೇಳಿದ್ನಂತೆ. ಆ ಪೆಟ್ಟಿಗೆಯೊಳಗೆ ಒಂದು ತಿರುಗುಣಿ ಇದೆ ಅಷ್ಟೇ, ಅದರ ಸುತ್ತ ಅಂಕಿ ಕೂಡ ಇಲ್ಲ, ನಾನೇ ನೋಡಿದೀನಿ. ಸ್ವಲ್ಪ ಅಂತಲೋ, ಅರ್ಧ ಸುತ್ತು ಅಂತಲೋ ಹೇಳ್ಬೇಕು ತಾನೆ? ಇವನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ್ನಂತೆ." ಸಿನಾ ಅವಳ ಮುಖವನ್ನೇ ನೋಡುತ್ತ ಹೇಳಿದಳು. "ಐದು ಮುಕ್ಕಾಲು ಡೆಸಿಬಲ್."

ಗಾಳಿಗೆ ಕಾಗದದ ಚೀಲ ಬಾನೆಟ್ಟಿನಿಂದ ಜಾರಿ ಬಿತ್ತು. ಇಬ್ಬರೂ ಬಗ್ಗಲಿಲ್ಲ.

"ನಿಮಗೆ ಈ ಅಂಕಿ ಗೊತ್ತು," ಎಂದಳು ಸಿನಾ.

"ನಮ್ಮ ತಪ್ಪೂ ಅಷ್ಟೇ ಅಂತ ಈಗ... ಈಗಷ್ಟೇ ಗೊತ್ತಾಯ್ತು. ಕೋಡ್ ತೆರೆದ ಮೇಲೆ."

"ಬೆವನ್‌ಗೆ ಬೆಳಿಗ್ಗೆಯೇ ಗೊತ್ತಿತ್ತು. ಯಾರೋ ಹೇಳಿಕೊಟ್ಟಿದ್ದಾರೆ. ನಿಮ್ಮ ತಪ್ಪು ಎಷ್ಟು ಅಂತ ನಿಮಗಿಂತ ಮುಂಚೆ ಗೊತ್ತಿದ್ದವರು ಯಾರು?"

ನೆರಿಡಾ ಶೆಡ್ಡಿನತ್ತ ತಿರುಗಿದಳು. ಕಿಟಕಿಯ ಕಡೆ ತಿರುಗಿದ ಕುರ್ಚಿ ಕಣ್ಣಿಗೆ ಕಟ್ಟಿತು. ಮುಳ್ಳಿನ ಮೀಟರನ್ನು ಮರ್ವ್ ತಿರುಗಿಯೂ ನೋಡಿರಲಿಲ್ಲ. ಪರದೆಯ ಕಡೆಗೂ ಬಂದಿರಲಿಲ್ಲ. ಗೋಗರೆದ, ಗದರಿದ, ಸೋಮವಾರದವರೆಗೆ ಸಮಯ ಕೇಳಿದ. ಜೀವಮಾನವೆಲ್ಲ ಡೆಸಿಬಲ್ಲಿನ ಕಾಲುಭಾಗಕ್ಕೂ ಜಗಳವಾಡಿದ ಮನುಷ್ಯ, ತಪ್ಪು ಎಷ್ಟಿದೆ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.